ನ್ಯಾಯಾಲಯದಿಂದ ನಡುಮನೆಗೆ

ವಿಜಯನಗರದಿಂದ ಚಂದ್ರಾ ಲೇಔಟ್ ದಾಟಿ ಮುಂದೆ ಹೋದರೆ ನಾಗರಭಾವಿ. ಅಲ್ಲಿನ ರಾಷ್ಟ್ರೀಯ ಕಾನೂನು ಶಾಲೆಯಲ್ಲಿ 1997ರಲ್ಲಿ ಸಲಿಂಗಿಗಳ ಹಕ್ಕುಗಳ ಕುರಿತು ಒಂದು ವಿಚಾರ ಸಂಕಿರಣ ನಡೆಯಿತು. ಆಗ ಇಂಥ ಸಭೆ ಕರೆಯುವುದಕ್ಕೇ ಎದೆಗಾರಿಕೆ ಬೇಕಿತ್ತು. 1860ರ ದಂಡ ಸಂಹಿತೆಯ 377ನೇ ಕಲಂ ಜಾರಿಯಲ್ಲಿತ್ತು. ಇಬ್ಬರು ವಯಸ್ಕ ಗಂಡಸರು ಪರಸ್ಪರ ಒಪ್ಪಿ ಕೂಡಿದರೂ ಅದು ಅಪರಾಧವೇ. ಇದೇ ಶಾಲೆಯಲ್ಲಿ ಓದಿದ ಅರವಿಂದ್ ನರೈನ್ 2000ದಲ್ಲಿ ಗೆಳೆಯರ ಜೊತೆ ಬೆಂಗಳೂರಿನಲ್ಲಿ ಆಲ್ಟರ್ನೇಟಿವ್ ಲಾ ಫೋರಂ ಕಟ್ಟಿದರು. ಮೇನಕಾ ಗುರುಸ್ವಾಮಿ, ಅರುಂಧತಿ ಕಾಟ್ಜು ಇಬ್ಬರೂ ಇಲ್ಲಿಯ ವಿದ್ಯಾರ್ಥಿನಿಯರು. 2018ರಲ್ಲಿ ಸುಪ್ರೀಂ ಕೋರ್ಟಿನಲ್ಲಿ 377ರ ವಿರುದ್ಧ ನಿಂತ ವಕೀಲರ ಸಾಲಿನಲ್ಲಿ ಅವರು ಮುಂದಿದ್ದರು. ಮರುವರ್ಷ ತಾವಿಬ್ಬರೂ ಬಾಳಸಂಗಾತಿಗಳೆಂದು ಲೋಕದ ಮುಂದೆ ಹೇಳಿಕೊಂಡರು.

ಹೀಗೆ ದೇಶದ ಕಾನೂನನ್ನು ಅಲುಗಾಡಿಸಿದ ಹೋರಾಟದ ಒಂದು ಬೇರು ಪಶ್ಚಿಮ ಬೆಂಗಳೂರಿನಲ್ಲೇ ಇದೆ. ಆದರೆ ಆ ಆವರಣದ ಗೇಟು ದಾಟಿ ರಾಜಾಜಿನಗರ, ಬಸವೇಶ್ವರನಗರ, ವಿಜಯನಗರ, ಕೆಂಗೇರಿ ಉಪನಗರದ ಮನೆಗಳ ಒಳಗೆ ಬಂದರೆ ಈ ಮಾತು ಇನ್ನೂ ಯಾರ ಬಾಯಿಗೂ ಬಂದಿಲ್ಲ. ಕೋರ್ಟು, ಸರ್ಕಾರ, ಕಂಪನಿ, ಸಾಹಿತ್ಯ, ಜಾತ್ರೆ ಎಲ್ಲವೂ ಒಂದೊಂದು ಹೆಜ್ಜೆ ಮುಂದೆ ಬಂದಿವೆ. ಮನೆಯೊಂದು ನಿಂತಲ್ಲೇ ನಿಂತಿದೆ. ಸಲಿಂಗಿಗಳ, ಟ್ರಾನ್ಸ್‌ಜೆಂಡರ್ ಜನರ ಪ್ರಶ್ನೆಯ ಉದ್ದಗಲವನ್ನು ನೋಡುತ್ತ ಹೋದಂತೆ ನನಗೆ ಮತ್ತೆ ಮತ್ತೆ ಕಾಣುವುದು ಇದೇ.

ಕಾನೂನಿನ ಕಥೆಯನ್ನು ಬೇಗ ಹೇಳಿಬಿಡಬಹುದು. 2009ರ ಜುಲೈ 2ರಂದು ದೆಹಲಿ ಹೈಕೋರ್ಟ್ 377ರ ಹಲ್ಲು ಕಿತ್ತಿತು. 2013ರ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟ್ ಅದನ್ನು ಮತ್ತೆ ಕೂರಿಸಿತು. ನಾಲ್ಕೇ ತಿಂಗಳಲ್ಲಿ, 2014ರ ಏಪ್ರಿಲ್ 15ರಂದು, ಅದೇ ನ್ಯಾಯಾಲಯ ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರದ (ನಾಲ್ಸಾ) ಪ್ರಕರಣದಲ್ಲಿ ತಮ್ಮ ಲಿಂಗತ್ವವನ್ನು ತಾವೇ ಹೇಳಿಕೊಳ್ಳುವ ಹಕ್ಕು ಟ್ರಾನ್ಸ್‌ಜೆಂಡರ್ ಜನರಿಗಿದೆ ಎಂದಿತು. ಮುಂದಿನ ತಿರುವಿನಲ್ಲಿ ಕನ್ನಡನಾಡಿನ ಹಿರಿಯರೊಬ್ಬರ ಹೆಸರು ಬರುತ್ತದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ ಆಧಾರ್ ವಿರುದ್ಧ ಅರ್ಜಿ ಹಾಕಿದಾಗ ಸಲಿಂಗಿಗಳ ಬಗ್ಗೆ ಯೋಚಿಸಿರಲಿಕ್ಕಿಲ್ಲ. ಆದರೆ ಆ ಅರ್ಜಿಯ ಮೇಲೆ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವು ಮೂಲಭೂತ ಹಕ್ಕು ಎಂದು ಸಾರಿದಾಗ, ಒಬ್ಬರ ಲೈಂಗಿಕ ಒಲವೂ ಆ ಖಾಸಗಿತನದ ಭಾಗ ಎಂಬ ಮಾತು ತೀರ್ಪಿನೊಳಗೇ ಬಂತು. 2013ರ ತೀರ್ಪು ನಿಲ್ಲಲಾರದು ಎಂಬುದು ಅಂದೇ ಖಚಿತವಾಯಿತು. 2018ರ ಸೆಪ್ಟೆಂಬರ್ 6ರಂದು ಐವರ ಪೀಠ ಒಮ್ಮತದಿಂದ ಆ ಅಪರಾಧವನ್ನು ತೆಗೆದುಹಾಕಿತು. ಅಲ್ಲಿ ಅರ್ಜಿದಾರರಾಗಿದ್ದವರಲ್ಲಿ ಬೆಂಗಳೂರಿನ ಟ್ರಾನ್ಸ್‌ಜೆಂಡರ್ ಹೋರಾಟಗಾರ್ತಿ ಅಕ್ಕಯ್ ಪದ್ಮಶಾಲಿ ಕೂಡ ಇದ್ದರು.

ಕೋರ್ಟಿನ ಮೆಟ್ಟಿಲೇರುವ ಮೊದಲು ಬೀದಿಯಲ್ಲಿ ಪೆಟ್ಟು ತಿಂದವರು ಇಂಗ್ಲಿಷ್ ಬಾರದ ಬಡವರು ಎಂಬುದನ್ನು ಮರೆಯಬಾರದು. ಬೆಂಗಳೂರಿನಲ್ಲಿ 1994ರಲ್ಲಿ ‘ಗುಡ್ ಆಸ್ ಯು’ ಎಂಬ ಗುಂಪು ಶುರುವಾಯಿತು. ಅದು ಹೆಚ್ಚಾಗಿ ಓದಿದ ಮಧ್ಯಮವರ್ಗದವರು ಸೇರುವ ಜಾಗವಾಗಿತ್ತು. 1999ರಲ್ಲಿ ಮನೋಹರ್ ಎಲವರ್ತಿ ‘ಸಂಗಮ’ ಆರಂಭಿಸಿದರು. ಅದು ಕ್ರಮೇಣ ಮೆಜೆಸ್ಟಿಕ್, ಕಬ್ಬನ್ ಪಾರ್ಕು, ಹಮಾಮುಗಳಲ್ಲಿ (ಹಿಜಡಾಗಳು ನಡೆಸುವ ಸ್ನಾನಗೃಹಗಳಲ್ಲಿ) ಬದುಕುವ ‘ಕೋತಿ’ಗಳು, ಅಂದರೆ ಹೆಣ್ಣಿನ ಹಾವಭಾವದ ಗಂಡಸರು, ಮತ್ತು ಹಿಜಡಾಗಳ ಕಡೆ ತಿರುಗಿತು. ನಾಗರಿಕ ಹಕ್ಕುಗಳ ಸಂಘಟನೆಯಾದ ಪಿಯುಸಿಎಲ್‌ನ ಕರ್ನಾಟಕ ಘಟಕ 2001ರಲ್ಲಿ ಒಂದು, 2003ರಲ್ಲಿ ಇನ್ನೊಂದು ವರದಿ ತಂದಿತು. ಪೊಲೀಸರು ಪಾರ್ಕುಗಳಲ್ಲಿ ಹಿಡಿದು ದುಡ್ಡು ಕೀಳುವುದು, ಠಾಣೆಯಲ್ಲಿ ಬಟ್ಟೆ ಬಿಚ್ಚಿಸುವುದು, ಮನೆಗೆ ಹೇಳುತ್ತೇವೆಂದು ಬೆದರಿಸುವುದು ಎಲ್ಲವೂ ಅವುಗಳಲ್ಲಿ ದಾಖಲಾಗಿವೆ. ಈ ಕೊನೆಯ ಬೆದರಿಕೆಯನ್ನು ಗಮನಿಸಬೇಕು. ಲಾಠಿಗಿಂತ ಹೆಚ್ಚು ಕೆಲಸ ಮಾಡಿದ್ದು ‘ಮನೆಗೆ ಫೋನ್ ಮಾಡ್ತೀನಿ’ ಎಂಬ ಮಾತು. ಇಂದು ಪೊಲೀಸರ ಜಾಗದಲ್ಲಿ ಮೊಬೈಲ್ ಆ್ಯಪ್‌ನಲ್ಲಿ ಗೆಳೆತನ ಬೆಳೆಸಿ ಕರೆಸಿಕೊಂಡು ಸುಲಿಯುವ ಪುಂಡರಿದ್ದಾರೆ. ಅಪರಾಧದ ಕಲಂ ಹೋಯಿತು, ಆ ಬೆದರಿಕೆಗೆ ಮಾತ್ರ ಇನ್ನೂ ಬೆಲೆಯಿದೆ.

2008 ಎರಡು ಕಾರಣಕ್ಕೆ ನೆನಪಿರಬೇಕಾದ ವರ್ಷ. ಜೂನ್‌ನಲ್ಲಿ ಬೆಂಗಳೂರಿನ ಮೊದಲ ಪ್ರೈಡ್ ಮೆರವಣಿಗೆ ನಡೆಯಿತು. ಮುಂದೆ ಹಲವು ವರ್ಷ ಅದು ಮೆಜೆಸ್ಟಿಕ್ ಬಳಿಯ ತುಳಸಿ ಪಾರ್ಕಿನಿಂದ ಹೊರಟು ಪುಟ್ಟಣ್ಣಚೆಟ್ಟಿ ಪುರಭವನ ಮುಟ್ಟುತ್ತಿತ್ತು. ತಮಟೆ, ಕನ್ನಡದ ಘೋಷಣೆ, ಮುಖವಾಡ ಹಾಕಿಕೊಂಡು ಬಂದವರು, ಮರುವರ್ಷ ಮುಖವಾಡವಿಲ್ಲದೆ ಬಂದವರು. ಅದೇ ವರ್ಷ ಅಕ್ಟೋಬರ್ 20ರಂದು ಗಿರಿನಗರ ಪೊಲೀಸರು ಐವರು ಹಿಜಡಾಗಳನ್ನು ಹಿಡಿದರು. ಅವರ ನೆರವಿಗೆ ಹೋದ ಸಂಗಮದ ಕಾರ್ಯಕರ್ತರನ್ನೂ, ಪ್ರತಿಭಟಿಸಲು ಬಂದವರನ್ನೂ ಬಂಧಿಸಲಾಯಿತು. ಮೂರು ವರ್ಷ ಕಳೆದು, 2011ರಲ್ಲಿ, ರಾಜ್ಯ ಸರ್ಕಾರ ಕರ್ನಾಟಕ ಪೊಲೀಸ್ ಕಾಯ್ದೆಗೆ 36ಎ ಕಲಂ ಸೇರಿಸಿತು. ಮಕ್ಕಳನ್ನು ಅಪಹರಿಸುವವರೆಂಬ ಅನುಮಾನದ ಮೇಲೆ ಹಿಜಡಾಗಳ ಹೆಸರು ವಿಳಾಸದ ಪಟ್ಟಿ ಇಡುವ ಅಧಿಕಾರವನ್ನು ಅದು ಪೊಲೀಸರಿಗೆ ಕೊಟ್ಟಿತು. 1871ರಲ್ಲಿ ಬ್ರಿಟಿಷರು ಮಾಡಿದ್ದ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆಯ ಬುದ್ಧಿಯೇ ಇದು. ಕರ್ನಾಟಕ ಲೈಂಗಿಕ ಅಲ್ಪಸಂಖ್ಯಾತರ ವೇದಿಕೆ ಹೈಕೋರ್ಟಿಗೆ ಹೋದ ಮೇಲೆ 2016ರಲ್ಲಿ ಆ ಕಲಮಿನಿಂದ ಸಮುದಾಯದ ಹೆಸರನ್ನು ತೆಗೆಯಲಾಯಿತು.

ಆದರೂ ಕರ್ನಾಟಕ ಸರ್ಕಾರ ಒಂದು ವಿಷಯದಲ್ಲಿ ಉಳಿದ ರಾಜ್ಯಗಳಿಗಿಂತ ಮುಂದಿದೆ ಎನ್ನಲು ನನಗೆ ಸಂಕೋಚವಿಲ್ಲ. ಸಿ.ಎಸ್. ದ್ವಾರಕಾನಾಥ್ ಅಧ್ಯಕ್ಷತೆಯ ಹಿಂದುಳಿದ ವರ್ಗಗಳ ಆಯೋಗ 2010ರಲ್ಲೇ, ಅಂದರೆ ನಾಲ್ಸಾ ತೀರ್ಪಿಗೆ ನಾಲ್ಕು ವರ್ಷ ಮೊದಲು, ಮಂಗಳಮುಖಿಯರನ್ನು ಹಿಂದುಳಿದವರ ಪಟ್ಟಿಗೆ ಸೇರಿಸಲು ಶಿಫಾರಸು ಮಾಡಿತು. 2013ರಲ್ಲಿ ಟ್ರಾನ್ಸ್‌ಜೆಂಡರ್ ಜನರಿಗೆ ಮೈತ್ರಿ ಮಾಸಾಶನ ಬಂತು. ತಿಂಗಳಿಗೆ 500 ರೂಪಾಯಿಯಿಂದ ಶುರುವಾದದ್ದು. 2017ರಲ್ಲಿ ಸಂಪುಟ ಇವರ ಕುರಿತ ರಾಜ್ಯ ನೀತಿಯನ್ನು ಒಪ್ಪಿತು. ಪೊಲೀಸ್ ನೇಮಕಾತಿಯಲ್ಲಿ ಇವರಿಗೆ ಜಾಗವಿಲ್ಲವೆಂದು ಸಂಗಮ ಹೂಡಿದ ದಾವೆಯಲ್ಲಿ ‘ಜೀವ’ ಸಂಸ್ಥೆಯೂ ಸೇರಿಕೊಂಡಿತು. ಅದರ ಫಲವಾಗಿ 2021ರ ಜುಲೈನಲ್ಲಿ ಸರ್ಕಾರಿ ನೌಕರಿಯ ಎಲ್ಲ ವರ್ಗಗಳಲ್ಲೂ ಟ್ರಾನ್ಸ್‌ಜೆಂಡರ್ ಅಭ್ಯರ್ಥಿಗಳಿಗೆ ಶೇ 1ರಷ್ಟು ಸಮತಲ ಮೀಸಲಾತಿ ಸಿಕ್ಕಿತು. ದೇಶದಲ್ಲಿ ಇದನ್ನು ಮೊದಲು ಮಾಡಿದ್ದು ನಮ್ಮ ರಾಜ್ಯ. 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಯಾದಾಗ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣ ಮಹಿಳೆಯರ ಜೊತೆಗೆ ಟ್ರಾನ್ಸ್‌ಜೆಂಡರ್ ಜನರಿಗೂ ಸಿಕ್ಕಿತು. ಕೆಂಗೇರಿ ಬಸ್ಸಿನಲ್ಲಿ ಕಂಡಕ್ಟರು ಮರುಮಾತಿಲ್ಲದೆ ಶೂನ್ಯ ದರದ ಟಿಕೆಟ್ ಹರಿದು ಕೊಡುವುದು ಸಣ್ಣ ಸಂಗತಿಯಲ್ಲ. ಸಾಲಿನಲ್ಲಿ ನಿಂತ ಉಳಿದ ಹೆಂಗಸರ ಜೊತೆ ಒಬ್ಬಳಾಗಿ ನಿಲ್ಲುವುದು ದಿನನಿತ್ಯದ ರೂಢಿಯಾಗುತ್ತದೆ, ನೋಡುವವರ ಕಣ್ಣಿಗೂ ಅಭ್ಯಾಸವಾಗುತ್ತದೆ.

2011ರ ಜನಗಣತಿಯಲ್ಲಿ ಗಂಡು, ಹೆಣ್ಣು ಎರಡೂ ಅಲ್ಲದ ‘ಇತರೆ’ ಎಂದು ದಾಖಲಾದವರು ರಾಜ್ಯದಲ್ಲಿ 20,266 ಮಂದಿ. ನಿಜವಾದ ಸಂಖ್ಯೆ ಇದಕ್ಕಿಂತ ಹೆಚ್ಚಿರಲೇಬೇಕು, ಏಕೆಂದರೆ ಗಣತಿದಾರರಿಗೆ ಉತ್ತರ ಕೊಡುವುದು ಮನೆಯ ಯಜಮಾನ. ಮನೆಯಿಂದ ಹೊರಹಾಕಿದ ಮಗುವನ್ನು ಆತ ಯಾವ ಕಾಲಮಿಗೆ ಬರೆಸುತ್ತಾನೆ? ಇನ್ನು ಸಲಿಂಗಿಗಳನ್ನು ಎಣಿಸಲು ಕಾಲಮೇ ಇಲ್ಲ.

ಶಿಕ್ಷಣದಲ್ಲಿ ಮಾತ್ರ ಇಷ್ಟು ವೇಗ ಬಂದಿಲ್ಲ. 2024ರ ಡಿಸೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟ್, ಟ್ರಾನ್ಸ್‌ಜೆಂಡರ್ ವಿದ್ಯಾರ್ಥಿಗಳಿಗೆ ಮಧ್ಯಂತರವಾಗಿ ಶೇ 0.5ರಷ್ಟು ಮೀಸಲಾತಿ ಕೊಡಬೇಕೆಂದು ಆದೇಶಿಸಿದ್ದು ಬೇರಾವ ಸಂಸ್ಥೆಗೂ ಅಲ್ಲ, ನಾಗರಭಾವಿಯ ಅದೇ ಕಾನೂನು ಶಾಲೆಗೆ. ಶಾಲೆ ಮೇಲ್ಮನವಿ ಸಲ್ಲಿಸಿತು. ಈ ವಿಷಯವನ್ನು ದೇಶಕ್ಕೆ ಕಲಿಸಿದ ಸಂಸ್ಥೆಯ ಬಾಗಿಲಿಗೂ ಆದೇಶ ಹಿಡಿದು ಹೋಗಬೇಕಾಯಿತಲ್ಲ ಎಂಬ ನೋವು ನನಗಿದೆ. ಅದೇ ತಿಂಗಳು ಹೈಕೋರ್ಟಿನ ಇನ್ನೊಂದು ಪೀಠ, ಟ್ರಾನ್ಸ್ ವ್ಯಕ್ತಿಗಳ ಜನನ ಪ್ರಮಾಣಪತ್ರದಲ್ಲಿ ಹಳೆಯ ಮತ್ತು ಹೊಸ ಹೆಸರು, ಲಿಂಗ ಎರಡನ್ನೂ ನಮೂದಿಸಿ ಕೊಡಬೇಕೆಂದು ಹೇಳಿತು. ಎಸ್ಎಸ್ಎಲ್‌ಸಿ ಅಂಕಪಟ್ಟಿಯಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು ಹೆಸರು ಇಟ್ಟುಕೊಂಡು ಕಚೇರಿಯಿಂದ ಕಚೇರಿಗೆ ಅಲೆದವರಿಗೆ ಇದರ ಬೆಲೆ ಗೊತ್ತು.

‘ಇದೆಲ್ಲ ನಮ್ಮ ಸಂಸ್ಕೃತಿಯಲ್ಲಿ ಇರಲಿಲ್ಲ, ಪಶ್ಚಿಮದಿಂದ ಬಂದದ್ದು’ ಎಂಬ ವಾದ ನಮ್ಮ ಬಡಾವಣೆಗಳ ವಾಕಿಂಗ್ ಗೆಳೆಯರ ಬಾಯಲ್ಲಿ ಈಗಲೂ ಕೇಳುತ್ತದೆ. ಪಶ್ಚಿಮದಿಂದ ಬಂದದ್ದು 377, ನಮ್ಮ ಪರಂಪರೆಯಲ್ಲಿ ಇದಕ್ಕೆ ಜಾಗವಿದೆ ಎಂಬುದು ಇದಕ್ಕೆ ಸುಲಭದ ಉತ್ತರ. ಚೈತ್ರದ ಹುಣ್ಣಿಮೆಯ ರಾತ್ರಿ ಧರ್ಮರಾಯಸ್ವಾಮಿ ದೇವಸ್ಥಾನದಿಂದ ಹೊರಡುವ ಕರಗವನ್ನು ಹೊರುವುದು ಹೆಣ್ಣಿನ ಉಡುಗೆ ತೊಟ್ಟ ಗಂಡಸು. ಊರೆಲ್ಲ ಅವರಲ್ಲಿ ದ್ರೌಪದಿಯನ್ನು ಕಂಡು ಮಲ್ಲಿಗೆ ಎರಚುತ್ತದೆ. ಸವದತ್ತಿ, ಹುಲಿಗಿಗಳಲ್ಲಿ ಹೆಣ್ಣಿನ ಉಡುಗೆಯ ಜೋಗಪ್ಪಗಳಿಗೆ ಮುತ್ತು ಕಟ್ಟಿ ದೇವಿಗೆ ಒಪ್ಪಿಸುತ್ತಾರೆ. ಯಕ್ಷಗಾನದ ಸ್ತ್ರೀವೇಷಧಾರಿಯನ್ನು ನಾವು ಕಲಾವಿದರೆಂದು ಕೊಂಡಾಡಿದ್ದೇವೆ.

ಆದರೆ ಈ ಉತ್ತರಕ್ಕೆ ನಾನು ಪೂರ್ತಿ ಒಪ್ಪಿಸಿಕೊಳ್ಳಲಾರೆ. ಪರಂಪರೆ ಕೊಟ್ಟ ಜಾಗಕ್ಕೆ ಷರತ್ತುಗಳಿವೆ. ದೇವರ ಹೆಸರಿದ್ದರೆ, ಹಬ್ಬದ ದಿನವಾದರೆ, ರಂಗದ ಮೇಲಾದರೆ ಸರಿ. ಮಂಜಮ್ಮ ಜೋಗತಿಯವರ ಬದುಕನ್ನೇ ನೋಡಿ. ಬಳ್ಳಾರಿ ಸೀಮೆಯ ಮಂಜುನಾಥ ಶೆಟ್ಟಿ ಎಂಬ ಹುಡುಗ ಹೆಣ್ಣಿನಂತೆ ನಡೆದುಕೊಂಡಾಗ ಮನೆಯವರು ಹುಲಿಗೆಮ್ಮನ ಸನ್ನಿಧಿಯಲ್ಲಿ ಮುತ್ತು ಕಟ್ಟಿಸಿದರು. ದೇವಿಗೆ ಒಪ್ಪಿಸಿದ ಮೇಲೆ ಮನೆಯಲ್ಲಿ ಜಾಗ ಉಳಿಯಲಿಲ್ಲ. ಸಾವಿನ ಬಾಗಿಲಿಗೆ ಹೋಗಿ ಬಂದು, ಭಿಕ್ಷೆ ಬೇಡಿ, ಜೋಗತಿ ನೃತ್ಯ ಕಲಿತು, ಕಾಳವ್ವ ಜೋಗತಿಯವರ ತಂಡದಲ್ಲಿ ಹಳ್ಳಿ ಹಳ್ಳಿ ತಿರುಗಿದ ಮಂಜಮ್ಮ 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದರು. 2021ರ ನವೆಂಬರ್‌ನಲ್ಲಿ ಪದ್ಮಶ್ರೀ ಸ್ವೀಕರಿಸಲು ಹೋದಾಗ ಸೆರಗು ಹಿಡಿದು ರಾಷ್ಟ್ರಪತಿಯವರಿಗೆ ದೃಷ್ಟಿ ತೆಗೆದರು. ಆ ದೃಶ್ಯ ಕಂಡು ಕಣ್ಣೀರಿಟ್ಟ ಕುಟುಂಬಗಳು ನಮ್ಮಲ್ಲಿ ಎಷ್ಟೋ. ಅದೇ ಕುಟುಂಬಗಳಲ್ಲಿ ಒಬ್ಬ ಮಗ ಸೆರಗು ಹೊದೆಯಲು ಬಯಸಿದರೆ ಏನಾಗುತ್ತದೆ ಎಂಬುದೇ ನಿಜವಾದ ಪರೀಕ್ಷೆ. ಜೊತೆಗೆ, ಪರಂಪರೆ ಒಪ್ಪಿದ್ದು ಬಹುಮಟ್ಟಿಗೆ ವೇಷವನ್ನು, ದೈವಾವೇಶವನ್ನು. ಇಬ್ಬರು ಹೆಂಗಸರ ಅಥವಾ ಇಬ್ಬರು ಗಂಡಸರ ಪ್ರೀತಿಗೆ, ಸಂಸಾರಕ್ಕೆ ಅದು ಹೀಗೆ ಬಹಿರಂಗವಾಗಿ ಜಾಗ ಕೊಟ್ಟದ್ದು ನನಗೆ ಕಾಣುವುದಿಲ್ಲ. ಸಂಗಾತಿಯನ್ನು ಮನೆಗೆ ಕರೆತರುವ ಹಕ್ಕಿಗಾಗಿ ಹೊಸದಾಗಿಯೇ ಮಾತಾಡಬೇಕು.

ಆ ಮಾತನ್ನು ಕನ್ನಡದಲ್ಲಿ ಧೈರ್ಯವಾಗಿ ಆಡಿದವರು ವಸುಧೇಂದ್ರ. ಅವರ ‘ಮೋಹನಸ್ವಾಮಿ’ ಕಥಾಸಂಕಲನ 2013ರಲ್ಲಿ ಬಂತು, ಸುಪ್ರೀಂ ಕೋರ್ಟ್ 377ನ್ನು ಮರಳಿ ತಂದ ಅದೇ ವರ್ಷ. ಸಂಡೂರಿನ, ಸಾಫ್ಟ್‌ವೇರ್ ಕೆಲಸದಲ್ಲಿದ್ದ, ಪ್ರಬಂಧಗಳಿಂದ ಮನೆಮಾತಾದ ಲೇಖಕರು ತಾವು ಸಲಿಂಗಿ ಎಂದು ಹೇಳಿಕೊಂಡು, ಆ ಬದುಕಿನ ಒಳಗನ್ನು ನಮ್ಮದೇ ಅಡುಗೆಮನೆ, ನಮ್ಮದೇ ಅಮ್ಮ, ನಮ್ಮದೇ ಅವಮಾನಗಳ ನಡುವೆ ಇಟ್ಟು ತೋರಿಸಿದರು. ಹಿಜಡಾ ಸಮುದಾಯದ ಎ. ರೇವತಿಯವರ ಆತ್ಮಕಥೆ ದು. ಸರಸ್ವತಿಯವರ ಅನುವಾದದಲ್ಲಿ ‘ಬದುಕು ಬಯಲು’ ಆಗಿ ಬಂತು. ರಂಗದ ಮೇಲೆ ‘ಜನಮನದಾಟ’ದವರು ಅದನ್ನು ಊರೂರಿಗೆ ಒಯ್ದರು. ಬಿ.ಎಸ್. ಲಿಂಗದೇವರು ನಿರ್ದೇಶಿಸಿದ ‘ನಾನು ಅವನಲ್ಲ ಅವಳು’ ಚಿತ್ರದ ನಟನೆಗೆ ಸಂಚಾರಿ ವಿಜಯ್ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ತಮ್ಮ ಬಗ್ಗೆ ಓದಲು ಇಂಗ್ಲಿಷಿನ ಆಸರೆ ಇಲ್ಲದ ಒಬ್ಬ ಹುಡುಗ, ಒಬ್ಬ ಹುಡುಗಿ ವಿಜಯನಗರದ ಗ್ರಂಥಾಲಯದಲ್ಲಿ ಇಂಥ ಪುಸ್ತಕ ಹಿಡಿದರೆ ‘ಹಾಗಾದರೆ ನಾನೊಬ್ಬನೇ ಅಲ್ಲ’ ಎಂದು ತಿಳಿಯುತ್ತದೆ. ಇದಕ್ಕಿಂತ ದೊಡ್ಡ ಸೇವೆಯನ್ನು ಸಾಹಿತ್ಯ ಮಾಡಬೇಕಿಲ್ಲ.

ಈಗ ಮನೆಗೆ ಬರೋಣ. ಪಶ್ಚಿಮ ಬೆಂಗಳೂರು ಬಹುಪಾಲು ಕನ್ನಡದ, ಕೂಡು ನೆಂಟಸ್ತಿಕೆಯ, ಒಂದೇ ರಸ್ತೆಯಲ್ಲಿ ಎರಡು ಮೂರು ತಲೆಮಾರು ಬಾಳಿದ ಬೆಂಗಳೂರು. ಇಲ್ಲಿ ಹುಡುಗನಿಗೆ ಇಪ್ಪತ್ತೆಂಟು ತುಂಬುತ್ತಿದ್ದಂತೆ ಜಾತಕ ಹೊರಬರುತ್ತದೆ. ಒಂದೆರಡು ಸಂಬಂಧಗಳನ್ನು ಅವನು ಬೇಡವೆಂದರೆ ‘ಇನ್ನೂ ಕಂಕಣಬಲ ಕೂಡಿಬಂದಿಲ್ಲ’ ಎನ್ನುತ್ತಾರೆ. ಆಮೇಲೆ ದೋಷ ಹುಡುಕುತ್ತಾರೆ, ಕುಕ್ಕೆಗೆ ಹೋಗಿ ಸರ್ಪಸಂಸ್ಕಾರ ಮಾಡಿಸುತ್ತಾರೆ. ತಾಯಿ ಊಟ ಬಿಡುತ್ತಾಳೆ. ‘ನಿನ್ನ ತಂಗಿ ಮದುವೆಗೂ ಕಲ್ಲು ಬೀಳುತ್ತೆ’ ಎಂದು ಸೋದರಮಾವ ಬುದ್ಧಿ ಹೇಳುತ್ತಾರೆ. ಯಾರೂ ಕೆಟ್ಟವರಲ್ಲ, ಎಲ್ಲರೂ ಪ್ರೀತಿಯಿಂದಲೇ ಕುತ್ತಿಗೆ ಹಿಸುಕುತ್ತಾರೆ. ಕೊನೆಗೆ ಹುಡುಗ ಹೂಂ ಎನ್ನುತ್ತಾನೆ. ಛತ್ರ ಗೊತ್ತಾಗುತ್ತದೆ. ಆಮೇಲೆ ಆ ಮನೆಗೆ ಬರುವ ಹುಡುಗಿಯ ಬಗ್ಗೆ ಯಾರೂ ಯೋಚಿಸಿರುವುದಿಲ್ಲ.

2014ರ ಅಕ್ಟೋಬರ್‌ನಲ್ಲಿ ರಾಜಾಜಿನಗರದ ಪಕ್ಕದ ಮಲ್ಲೇಶ್ವರದಲ್ಲಿ ಒಬ್ಬ ಐಟಿ ಉದ್ಯೋಗಿ ಪತ್ನಿಯ ದೂರಿನ ಮೇಲೆ 377ರ ಅಡಿ ಬಂಧನಕ್ಕೊಳಗಾದ ಸುದ್ದಿ ಪತ್ರಿಕೆಗಳಲ್ಲಿ ಬಂತು. ಕೆಲವರು ಆಕೆಯನ್ನು ಬೈದರು, ಕೆಲವರು ಆತನನ್ನು ಬೈದರು. ನನ್ನ ಮಟ್ಟಿಗೆ ಇಬ್ಬರೂ ನೊಂದವರು. ಹೆಂಡತಿಗೆ ಆದ ಮೋಸ ಸಣ್ಣದಲ್ಲ. ಆದರೆ ಆ ಮೋಸಕ್ಕೆ ಜೈಲಿನ ಕಲಂ ಮದ್ದಾಗಿರಲಿಲ್ಲ. ಇಂಥ ಮದುವೆಗಳನ್ನು ಹೊಸೆಯುವ ಮನೆಗಳು ಮಾತ್ರ ಯಾವ ಕಟಕಟೆಗೂ ಬರುವುದಿಲ್ಲ.

ಹುಡುಗಿಯರ ಸ್ಥಿತಿ ಇನ್ನೂ ಇಕ್ಕಟ್ಟಿನದು. ಗಂಡಸಿಗೆ ಪಾರ್ಕು, ರಸ್ತೆ, ರಾತ್ರಿ, ಸ್ವಂತ ಸಂಬಳ ಇವೆ. ಇನ್ನೊಬ್ಬಳನ್ನು ಪ್ರೀತಿಸುವ ಹುಡುಗಿಗೆ ಗೆಳತಿಯ ಮನೆಗೆ ಹೋಗಲೂ ಅಪ್ಪನ ಅನುಮತಿ ಬೇಕು. ಇಬ್ಬರು ಹೆಂಗಸರು ಕೈ ಹಿಡಿದು ನಡೆದರೆ ನಮ್ಮ ಬೀದಿಯಲ್ಲಿ ಯಾರೂ ತಿರುಗಿ ನೋಡುವುದಿಲ್ಲ. ಆ ಮುಗ್ಧತೆಯೇ ಅವರಿಗೆ ರಕ್ಷಣೆ ಎಂದು ಕೆಲವರು ಹೇಳುತ್ತಾರೆ. ಆದರೆ ಒಮ್ಮೆ ಗೊತ್ತಾದರೆ ಫೋನು ಕಿತ್ತುಕೊಳ್ಳುತ್ತಾರೆ, ಕಾಲೇಜು ಬಿಡಿಸುತ್ತಾರೆ, ತಿಂಗಳೊಳಗೆ ಮದುವೆ ಮುಗಿಸುತ್ತಾರೆ. ಮನೆ ಬಿಟ್ಟು ಓಡಿದರೆ ‘ಕಾಣೆಯಾಗಿದ್ದಾಳೆ’ ಎಂದು ಠಾಣೆಗೆ ದೂರು. ಬೆಂಗಳೂರಿನ ‘ಲೆಸ್ಬಿಟ್’ ಗುಂಪು ಇಂಥ ಕೆಳವರ್ಗದ ಹೆಣ್ಣುಮಕ್ಕಳ, ಟ್ರಾನ್ಸ್ ಪುರುಷರ ಜೊತೆ ನಿಂತಿತು. ಟ್ರಾನ್ಸ್ ಪುರುಷರಿಗೆ ಹಿಜಡಾಗಳಿಗಿರುವ ಹಮಾಮಿನಂಥ, ಗುರು–ಚೇಲಾ ಸಂಬಂಧದಂಥ ಆಸರೆಯೂ ಇಲ್ಲ. ಹೆಣ್ಣಾಗಿ ಬೆಳೆದು ಗಂಡಾಗಿ ಬದುಕುವವರನ್ನು ನಮ್ಮ ಜಾನಪದವೂ, ಯೋಜನೆಗಳೂ ಹೆಚ್ಚು ಕಂಡಿಲ್ಲ.

ಬಾಡಿಗೆ ಮನೆಯದು ಬೇರೆಯದೇ ಕಷ್ಟ. ಗೋವಿಂದರಾಜನಗರ, ಮೂಡಲಪಾಳ್ಯದ ಅಡ್ಡರಸ್ತೆಗಳಲ್ಲಿ ಮೂವತ್ತು–ನಲವತ್ತರ ಸೈಟು. ಕೆಳಗೆ ಮಾಲೀಕರು, ಮೇಲೆ ಎರಡು ಮೂರು ಬಾಡಿಗೆ ಮನೆ. ಗೇಟಿನ ‘ಟು ಲೆಟ್’ ಬೋರ್ಡು ನೋಡಿ ಒಳಹೋದರೆ ಮೊದಲ ಪ್ರಶ್ನೆ ‘ಫ್ಯಾಮಿಲಿನಾ?’ ಎರಡನೆಯದು ‘ನೀವು ಯಾವ ಜನ?’ ಇಬ್ಬರು ಹುಡುಗರು ‘ಫ್ರೆಂಡ್ಸು, ಒಂದೇ ಕಡೆ ಕೆಲಸ’ ಎಂದು ಹೇಳಿ ಮನೆ ಹಿಡಿಯಬಹುದು. ನಲವತ್ತು ದಾಟಿದ ಇಬ್ಬರು ಗಂಡಸರು ಒಂದು ಬೆಡ್‌ರೂಮಿನ ಮನೆ ಕೇಳಿದರೆ ಮಾಲೀಕರ ಮುಖ ಬದಲಾಗುತ್ತದೆ. ಟ್ರಾನ್ಸ್ ಮಹಿಳೆಗೆ ಆ ಸುಳ್ಳಿನ ಅನುಕೂಲವೂ ಇಲ್ಲ. ಹೆಚ್ಚು ಅಡ್ವಾನ್ಸು, ಹೆಚ್ಚು ಬಾಡಿಗೆ, ಯಾರಾದರೂ ಆಕ್ಷೇಪಿಸಿದರೆ ರಾತ್ರೋರಾತ್ರಿ ಖಾಲಿ. ನಾಯಂಡಹಳ್ಳಿ ಸಿಗ್ನಲ್ಲಿನಲ್ಲಿ ಕಾರಿನ ಗಾಜು ತಟ್ಟುವ ಕೈಯನ್ನು ಕಂಡು ‘ದುಡಿದು ತಿನ್ನಬಾರದೇ’ ಎನ್ನುವವರಲ್ಲಿ ಎಷ್ಟು ಜನ ತಮ್ಮ ಅಂಗಡಿಯಲ್ಲಿ, ಮನೆಯಲ್ಲಿ ಕೆಲಸ ಕೊಟ್ಟಾರು? ಅದೇ ಜನ ಹೊಸ ಅಂಗಡಿಯ ಪೂಜೆಗೆ ಅವರ ಆಶೀರ್ವಾದ ಬೇಕೆನ್ನುತ್ತಾರೆ.

ಕೆಲಸದ ವಿಷಯದಲ್ಲಿ ನಗರದ ಪೂರ್ವ ಭಾಗದ ಕಂಪನಿಗಳು ಸ್ವಲ್ಪ ದಾರಿ ತೋರಿವೆ. ‘ಪ್ರೈಡ್ ಸರ್ಕಲ್’ ಸಂಸ್ಥೆ 2019ರ ಜುಲೈನಲ್ಲಿ ಈ ಸಮುದಾಯಕ್ಕೆಂದೇ ಬೆಂಗಳೂರಿನಲ್ಲಿ ಉದ್ಯೋಗ ಮೇಳ ನಡೆಸಿತು. ಹಲವು ಬಹುರಾಷ್ಟ್ರೀಯ ಕಂಪನಿಗಳಲ್ಲಿ ಸಲಿಂಗ ಸಂಗಾತಿಗೂ ಆರೋಗ್ಯ ವಿಮೆ ಇದೆ. ಒಳ್ಳೆಯದೇ. ಆದರೆ ವೈಟ್‌ಫೀಲ್ಡಿನ ಆಫೀಸಿನಲ್ಲಿ ಕಾಮನಬಿಲ್ಲಿನ ಪಟ್ಟಿ ಕಟ್ಟಿಕೊಂಡು ನಗುವ ಹುಡುಗ ನೇರಳೆ ಮಾರ್ಗದ ಮೆಟ್ರೊ ಹತ್ತಿ ಅತ್ತಿಗುಪ್ಪೆಯಲ್ಲಿ ಇಳಿಯುವ ಹೊತ್ತಿಗೆ ಅದನ್ನು ಬಿಚ್ಚಿ ಬ್ಯಾಗಿಗೆ ಹಾಕುತ್ತಾನೆ. ರಾಜಾಜಿನಗರದ, ಪೀಣ್ಯದ ಸಣ್ಣ ಕಾರ್ಖಾನೆಗಳು, ಗಾರ್ಮೆಂಟ್ಸ್‌ಗಳು, ಹೋಟೆಲುಗಳಲ್ಲಿ ದುಡಿಯುವವರಿಗೆ ಆ ಪಟ್ಟಿಯೂ ಇಲ್ಲ, ವಿಮೆಯೂ ಇಲ್ಲ.

ಮನೆಯಲ್ಲಿ ಗೊತ್ತಾದಾಗ ಮೊದಲು ಹುಡುಕುವುದು ಡಾಕ್ಟರನ್ನು, ಇಲ್ಲವೇ ಜ್ಯೋತಿಷಿಯನ್ನು. ‘ಸರಿಮಾಡಿಕೊಡಿ ಡಾಕ್ಟ್ರೇ’ ಎಂಬ ಬೇಡಿಕೆಗೆ ವೈದ್ಯಶಾಸ್ತ್ರ ಎಂದೋ ಉತ್ತರ ಕೊಟ್ಟಿದೆ. ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲೇ ಸಲಿಂಗ ಒಲವನ್ನು ರೋಗಗಳ ಪಟ್ಟಿಯಿಂದ ತೆಗೆಯಿತು. ಭಾರತೀಯ ಮನೋವೈದ್ಯರ ಸಂಘ 2018ರಲ್ಲಿ ಇದು ಕಾಯಿಲೆಯಲ್ಲ ಎಂದು ಬಹಿರಂಗವಾಗಿ ಹೇಳಿತು. ಮದ್ರಾಸ್ ಹೈಕೋರ್ಟಿನ 2021ರ ಆದೇಶದ ನಂತರ, 2022ರಲ್ಲಿ, ರಾಷ್ಟ್ರೀಯ ವೈದ್ಯಕೀಯ ಆಯೋಗ ಒಲವನ್ನು ಬದಲಿಸುವ ‘ಚಿಕಿತ್ಸೆ’ಯನ್ನು ವೃತ್ತಿದ್ರೋಹವೆಂದು ಸಾರಿತು. ಇಂಥ ಚಿಕಿತ್ಸೆ ಕೊಡುತ್ತೇನೆಂದು ಯಾರಾದರೂ ಹೇಳಿದರೆ ಅವರ ಮೇಲೆ ದೂರು ಕೊಡಬಹುದು. ಇದನ್ನು ತಾಯ್ತಂದೆಗಳಿಗೆ ಕನ್ನಡದಲ್ಲಿ ಹೇಳುವವರು ಬೇಕು. ‘ಸ್ವಭಾವ’ ಸಂಸ್ಥೆಯ ವಿನಯ್ ಚಂದ್ರನ್ ವರ್ಷಗಟ್ಟಲೆ ‘ಸಹಾಯ’ ಸಹಾಯವಾಣಿ ನಡೆಸಿ ಇದನ್ನೇ ಮಾಡಿದರು. ಒಂದು ಸಹಾಯವಾಣಿಯಿಂದ ಆಗುವ ಕೆಲಸ ಅಲ್ಲ ಇದು.

ಮದುವೆಯ ಹಕ್ಕಿನ ಪ್ರಶ್ನೆಗೆ 2023ರ ಅಕ್ಟೋಬರ್ 17ರಂದು ಸುಪ್ರೀಂ ಕೋರ್ಟ್ ಇಲ್ಲ ಎಂದಿತು. 2025ರ ಜನವರಿಯಲ್ಲಿ ಮರುಪರಿಶೀಲನೆಯ ಅರ್ಜಿಗಳೂ ವಜಾ ಆದವು. 2001ರಲ್ಲಿ ನೆದರ್ಲೆಂಡ್ಸ್, 2019ರಲ್ಲಿ ತೈವಾನ್, 2025ರಲ್ಲಿ ಥಾಯ್ಲೆಂಡ್ ಈ ಬಾಗಿಲು ತೆರೆದಿವೆ. ನಮ್ಮಲ್ಲಿ 2024ರಲ್ಲಿ ಕೇಂದ್ರ ಸರ್ಕಾರ ಕೆಲವು ಸಣ್ಣ ಕಿಂಡಿಗಳನ್ನು ತೆರೆಯಿತು. ಸಲಿಂಗ ಸಂಗಾತಿಗಳನ್ನು ಪಡಿತರ ಚೀಟಿಯಲ್ಲಿ ಒಂದೇ ಮನೆಯವರೆಂದು ಪರಿಗಣಿಸಬೇಕು, ಬ್ಯಾಂಕಿನಲ್ಲಿ ಜಂಟಿ ಖಾತೆ ತೆರೆಯಲು, ಸಂಗಾತಿಯನ್ನು ನಾಮಿನಿ ಮಾಡಲು ಅಡ್ಡಿಯಿಲ್ಲ, ಸಂಗಾತಿ ತೀರಿಕೊಂಡರೆ ಶವ ಪಡೆಯುವ ಹಕ್ಕನ್ನು ಗೌರವಿಸಬೇಕು ಎಂಬ ಸೂಚನೆಗಳು ಹೊರಟವು. ಶವ ಪಡೆಯುವುದಕ್ಕೂ ಸರ್ಕಾರಿ ಪತ್ರ ಬೇಕಾಯಿತೆಂದರೆ, ಇಪ್ಪತ್ತು ವರ್ಷ ಜೊತೆಗಿದ್ದವರು ಕೊನೆಗಾಲದಲ್ಲಿ ಆಸ್ಪತ್ರೆಯ ಕಾರಿಡಾರಿನಲ್ಲಿ ‘ನೀವು ಪೇಷಂಟಿಗೆ ಏನಾಗಬೇಕು?’ ಎಂಬ ಪ್ರಶ್ನೆಗೆ ಉತ್ತರವಿಲ್ಲದೆ ನಿಂತಿದ್ದು ಎಷ್ಟು ಸಲವೋ.

ಈ ಸೂಚನೆಗಳು ಬಂದು ಕುಳಿತಿರುವುದು ಕಡತಗಳಲ್ಲಿ. ಬಸವೇಶ್ವರನಗರದ ಬ್ಯಾಂಕ್ ಶಾಖೆಯ ಮ್ಯಾನೇಜರಿಗೆ, ರಾಜಾಜಿನಗರದ ನರ್ಸಿಂಗ್ ಹೋಮಿನ ರಿಸೆಪ್ಷನ್ನಿನವರಿಗೆ, ಪಡಿತರ ಕಚೇರಿಯ ಗುಮಾಸ್ತರಿಗೆ ಇವು ಕನ್ನಡದಲ್ಲಿ ತಲುಪಬೇಕು. ಸರ್ಕಾರಿ ಪ್ರೌಢಶಾಲೆಗಳಲ್ಲಿ ಹೆಣ್ಣಿಗ ಎಂದು ಹಂಗಿಸಿಕೊಂಡು ಒಂಬತ್ತನೇ ತರಗತಿಗೇ ಶಾಲೆ ಬಿಡುವ ಮಗುವಿನ ಪರವಾಗಿ ನಿಲ್ಲಲು ಮೇಷ್ಟ್ರಿಗೆ ತರಬೇತಿ ಬೇಕು. ಇದಕ್ಕೆ ಹೊಸ ಕಾನೂನೇನೂ ಬೇಕಿಲ್ಲ. ಇನ್ನು ತಾಯ್ತಂದೆಗಳ ವಿಷಯ: ಮಗ ಅಥವಾ ಮಗಳು ಒಂದು ರಾತ್ರಿ ಧೈರ್ಯ ಮಾಡಿ ಬಾಯಿ ಬಿಟ್ಟಾಗ, ಜಾತಕ ಬದಿಗಿಟ್ಟು, ನೆಂಟರಿಗೆ ಫೋನು ಮಾಡದೆ, ಮೊದಲು ಪೂರ್ತಿ ಕೇಳಿಸಿಕೊಳ್ಳಬೇಕು, ಮದುವೆಯ ಮಾತನ್ನು ಅಂದೇ ನಿಲ್ಲಿಸಬೇಕು.